ವಾಟರ್ ಬ್ಲಾಕ್ ವಿನ್ಯಾಸವನ್ನು ತಳದಿಂದ ಆರಂಭಿಸಬೇಕು

ಕಂಪ್ಯೂಟರ್‌ನ ಪ್ರೊಸೆಸರ್ ಮೇಲೆ ಬಿಗಿದು ಕೂರಿಸುವ ವಾಟರ್ ಬ್ಲಾಕ್ ಮೇಲುನೋಟಕ್ಕೆ ಬಹಳ ಸರಳವಾದ ವಸ್ತು: ಒಳಗೆ ನೀರು ಹರಿಯಲು ದಾರಿ ಕೊರೆದ ಅಂಗೈಯಗಲದ ತಾಮ್ರದ ತುಂಡು, ಅದರ ಮೇಲೊಂದು ಮುಚ್ಚಳ, ಮುಚ್ಚಳದಲ್ಲಿ ನೀರು ಬರಲು ಒಂದು ತೂತು, ಹೋಗಲು ಇನ್ನೊಂದು. ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಯಂತ್ರಗಳ ಬಿಡಿಭಾಗಗಳ ಡ್ರಾಯಿಂಗ್ ಮಾಡಿಕೊಂಡಿರುವವನು. ವಾಟರ್ ಬ್ಲಾಕ್ ನನ್ನ ಹೊಟ್ಟೆಪಾಡಲ್ಲ, ಹುಚ್ಚು. ಆದರೂ ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಮತ್ತು ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರು ಆಗಾಗ ತಮ್ಮದೇ ಡ್ರಾಯಿಂಗ್ ಹಿಡಿದುಕೊಂಡು ಬರುತ್ತಾರೆ. ಆ ಡ್ರಾಯಿಂಗ್‌ಗಳಲ್ಲಿ ನೀರಿನ ಕಾಲುವೆಗಳಿಗೆ ಎಲ್ಲಿಲ್ಲದ ಮರ್ಯಾದೆ: ಕೆಲವರು ಸುರುಳಿ ಬಿಡಿಸಿರುತ್ತಾರೆ, ಕೆಲವರು ಜೇನುಗೂಡು, ಇನ್ನು ಕೆಲವರು ಅಂಕುಡೊಂಕಾದ ಚಕ್ರವ್ಯೂಹ. ಪ್ರೊಸೆಸರ್‌ಗೆ ತಾಗುವ ತಳದ ಕಡೆ ಮಾತ್ರ ಒಂದು ನೇರ ಗೆರೆ ಎಳೆದು ಬಿಟ್ಟಿರುತ್ತಾರೆ. ಬ್ಲಾಕ್ ಗೆಲ್ಲುವುದೂ ಸೋಲುವುದೂ ಬಹುಮಟ್ಟಿಗೆ ಆ ಗೆರೆಯಲ್ಲೇ ನಿರ್ಧಾರವಾಗುತ್ತದೆ ಎಂಬುದು ನನ್ನ ವಾದ.

ಶಾಖ ಹೋಗುವ ದಾರಿಯನ್ನು ಒಮ್ಮೆ ಕ್ರಮವಾಗಿ ನೋಡೋಣ. ಸಿಲಿಕಾನ್ ಚಿಪ್‌ನಲ್ಲಿ ಹುಟ್ಟಿದ ಶಾಖವು ಅದರ ಮೇಲಿನ ಬೆಸುಗೆಯನ್ನೋ ಶಾಖ ದಾಟಿಸುವ ಪೇಸ್ಟನ್ನೋ ದಾಟಿ ಪ್ರೊಸೆಸರ್‌ನ ಲೋಹದ ಮುಚ್ಚಳಕ್ಕೆ ಬರುತ್ತದೆ. ಅಲ್ಲಿಂದ ನಾವು ಹಚ್ಚುವ ಪೇಸ್ಟ್, ಬ್ಲಾಕ್‌ನ ತಾಮ್ರದ ತಳ, ತಳದಿಂದ ತೆಳು ಗೋಡೆಗಳಂತೆ ಎದ್ದ ಫಿನ್‌ಗಳು, ಅವುಗಳ ನಡುವಿನ ನೀರು, ಕೊನೆಗೆ ರೇಡಿಯೇಟರ್ ಮೂಲಕ ಕೋಣೆಯ ಗಾಳಿ. ಪ್ರತಿ ಹಂತವೂ ಕೆಲವು ಡಿಗ್ರಿಗಳನ್ನು ಸುಂಕವಾಗಿ ವಸೂಲು ಮಾಡಿಕೊಂಡೇ ಶಾಖವನ್ನು ಮುಂದಕ್ಕೆ ಬಿಡುತ್ತದೆ. ಇದರಲ್ಲಿ ನೀರಿನ ಪಾಲು ಎಲ್ಲರೂ ಅಂದುಕೊಳ್ಳುವುದಕ್ಕಿಂತ ಕಡಿಮೆ. ನಿಮಿಷಕ್ಕೆ 1 ಲೀಟರ್ ಹರಿಯುವ ನೀರು 150 ವಾಟ್ ಶಾಖವನ್ನು ಹೊತ್ತೊಯ್ದರೆ, ಒಳಬಂದ ನೀರಿಗೂ ಹೊರಹೋದ ನೀರಿಗೂ ಇರುವ ವ್ಯತ್ಯಾಸ ಸುಮಾರು 2 ಡಿಗ್ರಿ ಮಾತ್ರ. ಹರಿವನ್ನು ದುಪ್ಪಟ್ಟು ಮಾಡಿದರೆ ಅದು 1 ಡಿಗ್ರಿಗೆ ಇಳಿಯುತ್ತದೆ. ದೊಡ್ಡ ಪಂಪು ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ನಾನು ಈ ಲೆಕ್ಕವನ್ನೇ ಮೊದಲು ಬರೆದು ತೋರಿಸುತ್ತೇನೆ.

ಇನ್ನೊಂದು ಮಾತು. ಬ್ಲಾಕ್ ಎಷ್ಟೇ ಚೆನ್ನಾಗಿರಲಿ, ಪ್ರೊಸೆಸರ್ ಅನ್ನು ಕೋಣೆಯ ಗಾಳಿಗಿಂತ ತಂಪಾಗಿ ಇಡಲು ಅದಕ್ಕೆ ಸಾಧ್ಯವಿಲ್ಲ. ಏಪ್ರಿಲ್‌ನ ಮಧ್ಯಾಹ್ನ ಹುಬ್ಬಳ್ಳಿಯ ಶೀಟ್ ಹೊದಿಸಿದ ಕೋಣೆಯೊಳಗಿನ ಗಾಳಿಗೂ ಡಿಸೆಂಬರ್‌ನ ಮುಂಜಾನೆ ಧಾರವಾಡದ ಗಾಳಿಗೂ ಅಜಗಜಾಂತರವಿದೆ. ಆದ್ದರಿಂದ "ನನ್ನ ಪ್ರೊಸೆಸರ್ 65ರಲ್ಲಿ ನಿಂತಿತು" ಎಂಬ ಹೇಳಿಕೆಯಿಂದ ಬ್ಲಾಕ್ ಬಗ್ಗೆ ಏನೂ ತಿಳಿಯುವುದಿಲ್ಲ. ನೀರಿನ ಉಷ್ಣತೆಗಿಂತ ಪ್ರೊಸೆಸರ್ ಎಷ್ಟು ಡಿಗ್ರಿ ಮೇಲಿತ್ತು, ಆಗ ಅದು ಎಷ್ಟು ವಾಟ್ ಉಣ್ಣುತ್ತಿತ್ತು ಎಂಬ ಎರಡು ಅಂಕಿಗಳನ್ನು ಒಟ್ಟಿಗೆ ಹೇಳಿದರೆ ಮಾತ್ರ ಒಂದು ಬ್ಲಾಕನ್ನು ಇನ್ನೊಂದರ ಜೊತೆ ಹೋಲಿಸಬಹುದು. ಅಳತೆಗೆ ಕೂರುವ ಮೊದಲು ನೀರಿನ ದಾರಿಯಲ್ಲಿ ಒಂದು ಉಷ್ಣತೆಯ ಸೆನ್ಸರ್ ಇರಲೇಬೇಕು.

ಈಗ ತಳಕ್ಕೆ ಬರೋಣ. ತಾಮ್ರದ ಉಷ್ಣವಾಹಕತೆ ಪ್ರತಿ ಮೀಟರ್ ಕೆಲ್ವಿನ್‌ಗೆ ಸುಮಾರು 390 ವಾಟ್. ಅಂಗಡಿಯಲ್ಲಿ ಸಿಗುವ ಸಾಧಾರಣ ಪೇಸ್ಟಿನದು 5ರ ಆಸುಪಾಸು. ಪೇಸ್ಟ್ ಇರುವುದು ಶಾಖ ಹರಿಸಲೆಂದೇ ಆದರೂ ಅದನ್ನು ತಾಮ್ರದ ಪಕ್ಕದಲ್ಲಿಟ್ಟರೆ ಅದೊಂದು ತಡೆಗೋಡೆ. ಗಾಳಿಗಿಂತ ವಾಸಿ ಎಂಬ ಒಂದೇ ಕಾರಣಕ್ಕೆ ನಾವು ಅದನ್ನು ಹಚ್ಚುತ್ತೇವೆ. ಶಾಖವು 7 ಚದರ ಸೆಂಟಿಮೀಟರ್ ಜಾಗದಲ್ಲಿ ಸಮನಾಗಿ ಹರಡಿ ಬರುತ್ತದೆ ಎಂದು ಇಟ್ಟುಕೊಂಡರೂ, 0.05 ಮಿಲಿಮೀಟರ್ ದಪ್ಪದ ಪೇಸ್ಟ್ ಪದರವು 150 ವಾಟ್‌ಗೆ ಸುಮಾರು 2 ಡಿಗ್ರಿ ತಿನ್ನುತ್ತದೆ. ತಳದಲ್ಲಿ ಇನ್ನೊಂದು 0.05 ಮಿಲಿಮೀಟರ್ ತಗ್ಗು ಇದ್ದರೆ, ಅಂದರೆ ಒಂದು ತೆಳು ಹಾಳೆಯಷ್ಟೂ ಇಲ್ಲದ ತಗ್ಗು, ಇನ್ನೂ 2 ಡಿಗ್ರಿ ಹೋಯಿತು. ನಿಜದಲ್ಲಿ ಶಾಖ ಸಮನಾಗಿ ಹರಡಿ ಬರುವುದಿಲ್ಲ, ಚಿಪ್ ಇರುವ ಸಣ್ಣ ಜಾಗದ ಮೇಲೆಯೇ ಹೆಚ್ಚು ಒತ್ತಾಗಿ ಬರುತ್ತದೆ. ತಗ್ಗು ಸರಿಯಾಗಿ ಆ ಜಾಗದ ಮೇಲೆ ಬಿದ್ದರೆ ನಷ್ಟ ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ಮುಂದೆ ಹೇಳಲಿರುವ ಫಿನ್‌ಗಳ ಲೆಕ್ಕದಲ್ಲಿ, ಕಾಲುವೆಯನ್ನು 0.5 ಮಿಲಿಮೀಟರ್‌ನಿಂದ 0.4ಕ್ಕೆ ಇಳಿಸಿದರೆ ದಕ್ಕುವುದು ಇದೇ 2-3 ಡಿಗ್ರಿ. ಕಟರ್‌ಗೆ ದುಡ್ಡು ಸುರಿದು ಮೇಲುಗಡೆ ಗಳಿಸಿದ್ದನ್ನು ಕೆಳಗಡೆಯ ತಗ್ಗು ಸದ್ದಿಲ್ಲದೆ ನುಂಗಿಬಿಡುತ್ತದೆ.

ತಳ ಸಮತಟ್ಟಾಗಿರಬೇಕು ಎನ್ನುವುದಕ್ಕೂ ಕನ್ನಡಿಯಂತೆ ಹೊಳೆಯಬೇಕು ಎನ್ನುವುದಕ್ಕೂ ಸಂಬಂಧವಿಲ್ಲ. ಬಫಿಂಗ್ ಚಕ್ರಕ್ಕೆ ಹಿಡಿದ ತಾಮ್ರ ಫಳಫಳ ಹೊಳೆಯುತ್ತದೆ, ಆದರೆ ಅಂಚುಗಳು ಉರುಟಾಗಿ ನಡು ಎಲ್ಲೆಂದರಲ್ಲಿ ಅಲೆಯಲೆಯಾಗಿರುತ್ತದೆ. ಸರ್ಫೇಸ್ ಪ್ಲೇಟ್ ಎಂಬ ಕರಾರುವಾಕ್ಕಾದ ಸಮತಟ್ಟು ಹಲಗೆಯ ಮೇಲೆ, ಅದಿಲ್ಲದಿದ್ದರೆ ದಪ್ಪನೆಯ ಗಾಜಿನ ಮೇಲೆ, ನೀರು ಹಾಕಿ ಉಜ್ಜುವ ಎಮರಿ ಕಾಗದ ಹಾಸಿ, ಬ್ಲಾಕನ್ನು ತಿರುಗಿಸುತ್ತ ತಿರುಗಿಸುತ್ತ ಉಜ್ಜಿ, ನೀಲಿ ಬಣ್ಣ ಹಚ್ಚಿ ಎಲ್ಲೆಲ್ಲಿ ತಾಗುತ್ತಿದೆ ಎಂದು ನೋಡುವ ಹಳೆಯ ಫಿಟ್ಟರ್ ವಿದ್ಯೆಯೇ ಇಲ್ಲಿ ಕೆಲಸಕ್ಕೆ ಬರುತ್ತದೆ. 800 ನಂಬರಿನ ಎಮರಿ ಬಿಟ್ಟ ಮಂಕು ಗೆರೆಗಳು ಕಂಡರೆ ಯಾರೂ ಹೌಹಾರಬೇಕಿಲ್ಲ.

ಯಾವಾಗ ಉಜ್ಜಬೇಕು ಎಂಬುದು ಇನ್ನೂ ಮುಖ್ಯ. ತಾಮ್ರದ ಪಟ್ಟಿ ಕಾರ್ಖಾನೆಯಲ್ಲಿ ರೋಲರ್‌ಗಳ ನಡುವೆ ಅಮುಕಿಸಿಕೊಂಡು ಬಂದಿರುವುದರಿಂದ ಅದರ ಒಡಲಲ್ಲಿ ಬಿಗಿತ ಉಳಿದಿರುತ್ತದೆ. ಒಂದು ಮೈಯಲ್ಲಿ ಮಾತ್ರ ಫಿನ್ ಕೊರೆದಾಗ ಆ ಬಿಗಿತ ಒಂದೇ ಕಡೆ ಸಡಿಲಗೊಂಡು ಪಟ್ಟಿ ಬಾಗುತ್ತದೆ. ಅದಾದ ಮೇಲೆ ಮುಚ್ಚಳವನ್ನು ಸ್ಕ್ರೂ ಹಾಕಿ ಬಿಗಿದಾಗ, ನಡುವೆ ಅಮುಕಿಸಿಕೊಂಡ ಓ-ರಿಂಗ್, ಅಂದರೆ ನೀರು ಸೋರದಂತೆ ತಡೆಯುವ ರಬ್ಬರ್ ಉಂಗುರ, ಮರಳಿ ತಳ್ಳುತ್ತದೆ, ಸ್ಕ್ರೂಗಳು ಅಂಚನ್ನು ಮೇಲಕ್ಕೆ ಎಳೆಯುತ್ತವೆ, ತಳ ಮತ್ತೆ ಬಾಗುತ್ತದೆ. ಹೀಗಾಗಿ ಬರಿಯ ತಳವನ್ನು ಮೊದಲೇ ಉಜ್ಜಿ ಸಮ ಮಾಡಿಟ್ಟುಕೊಳ್ಳುವುದು ವ್ಯರ್ಥ ಶ್ರಮ. ಫಿನ್ ಕೊರೆದು ಮುಗಿದ ಮೇಲೆ, ಮುಚ್ಚಳ ಹಾಕಿ, ಎಲ್ಲ ಸ್ಕ್ರೂಗಳನ್ನು ಕೊನೆಯ ಬಿಗಿತಕ್ಕೆ ತಂದು, ಆ ಸ್ಥಿತಿಯಲ್ಲೇ ಇಡೀ ಬ್ಲಾಕನ್ನು ಉಜ್ಜಬೇಕು. ಕೆಲವು ತಯಾರಕರು ಈ ಬಾಗುವಿಕೆಯನ್ನೇ ಉಪಯೋಗಕ್ಕೆ ತಂದುಕೊಂಡು, ಒಳಗೆ ಫಿನ್‌ಗಳ ಮೇಲೆ ಕೂರುವ ತಗಡಿನ ದಪ್ಪ ಬದಲಿಸಿ ತಳದ ನಡುಭಾಗ ಕೂದಲೆಳೆಯಷ್ಟು ಉಬ್ಬುವಂತೆ ಮಾಡುತ್ತಾರೆ. ಆಗ ಚಿಪ್‌ನ ನೆತ್ತಿಯ ಮೇಲೆ ಒತ್ತಡ ಹೆಚ್ಚಾಗಿ ಅಲ್ಲಿನ ಪೇಸ್ಟ್ ತೆಳುವಾಗುತ್ತದೆ. ಕೈಯಲ್ಲಿ ಮಾಡುವವರು ಉಬ್ಬಿನ ಆಸೆಗೆ ಬೀಳದೆ ಸಮತಟ್ಟಿಗೇ ಗುರಿಯಿಡುವುದು ಕ್ಷೇಮ.

ತಳ ಎಲ್ಲಿ ಕೂರುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇಂಟೆಲ್‌ನ 2021ರ ಎಲ್‌ಜಿಎ 1700 ಸಾಕೆಟ್‌ನಿಂದ (ಸಾಕೆಟ್ ಎಂದರೆ ಪ್ರೊಸೆಸರ್ ಕೂರುವ ಗೂಡು) ಪ್ರೊಸೆಸರ್ ಚೌಕಾಕಾರ ಬಿಟ್ಟು 37.5 ಮತ್ತು 45 ಮಿಲಿಮೀಟರ್‌ನ ಉದ್ದನೆಯ ಆಕಾರ ತಳೆಯಿತು; ಸಾಕೆಟ್‌ನ ಕ್ಲಿಪ್ ಅದರ ನಡುವನ್ನು ಒತ್ತುವುದರಿಂದ ಲೋಹದ ಮುಚ್ಚಳ ಸ್ವಲ್ಪ ಬಾಗಿ, ನಡುವೆ ತಗ್ಗಾಗುತ್ತದೆ. ಎಎಂಡಿಯ ಕಥೆ ಬೇರೆ. 2019ರ ರೈಜೆನ್ 3000 ಸರಣಿಯಿಂದ ಗಣನೆ ಮಾಡುವ ಚಿಪ್‌ಲೆಟ್‌ಗಳು, ಅಂದರೆ ಸಣ್ಣ ಬಿಡಿ ಚಿಪ್‌ಗಳು, ಲೋಹದ ಮುಚ್ಚಳದ ನಟ್ಟನಡುವೆ ಇಲ್ಲ, ಒಂದು ಬದಿಗೆ ಸರಿದಿವೆ. ಆ ಸರಣಿಯ ಒಂದು ಚಿಪ್‌ಲೆಟ್‌ನ ವಿಸ್ತೀರ್ಣ 74 ಚದರ ಮಿಲಿಮೀಟರ್, ಅಂದರೆ ಕಿರುಬೆರಳಿನ ಉಗುರಿನಷ್ಟು. ಅಷ್ಟು ಚಿಕ್ಕ ಜಾಗದಿಂದ ಬರುವ ಶಾಖದ ಮೇಲೆ ಫಿನ್‌ಗಳ ನಡುಭಾಗ ಇರಬೇಕಾದರೆ, ಬ್ಲಾಕನ್ನೇ ಕೆಲವು ಮಿಲಿಮೀಟರ್ ಪಕ್ಕಕ್ಕೆ ಸರಿಸಿ ಕೂರಿಸುವ ಪಟ್ಟಿ ಮಾಡಿಕೊಳ್ಳಬೇಕಾಗುತ್ತದೆ. ಡ್ರಾಯಿಂಗ್ ತೆರೆಯುವ ಮೊದಲು ಯಾವ ಸಾಕೆಟ್, ಅದರ ತೂತುಗಳ ಅಂತರವೆಷ್ಟು ಎಂದು ಕೇಳುವುದು ಇದಕ್ಕೇ: ಎಲ್‌ಜಿಎ 1700ಕ್ಕೆ 78 ಮಿಲಿಮೀಟರ್‌ನ ಚೌಕ, ಅದರ ಹಿಂದಿನ ಇಂಟೆಲ್ ಸಾಕೆಟ್‌ಗಳಲ್ಲಿ ಬಹುಪಾಲಿಗೆ 75ರ ಚೌಕ, ಎಎಂಡಿಯ ಎಎಂ4 ಸಾಕೆಟ್‌ಗೆ 54 ಮತ್ತು 90.

ಇನ್ನು ಫಿನ್‌ಗಳು. ಕಾಲುವೆ ಕಿರಿದಾದಷ್ಟೂ ಶಾಖ ನೀರಿಗೆ ಬೇಗ ಸೇರುತ್ತದೆ ಎಂಬುದನ್ನು 1981ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಟಕರ್‌ಮನ್ ಮತ್ತು ಪೀಸ್ ಸಿಲಿಕಾನ್‌ನಲ್ಲೇ ಕೊರೆದು ತೋರಿಸಿದರು: ಸುಮಾರು 50 ಮೈಕ್ರಾನ್ ಅಗಲ, 300 ಮೈಕ್ರಾನ್ ಆಳದ ಕಾಲುವೆಗಳಲ್ಲಿ ನೀರು ಹರಿಸಿ, ಪ್ರತಿ ಚದರ ಸೆಂಟಿಮೀಟರ್‌ಗೆ 790 ವಾಟ್ ಶಾಖವನ್ನು 71 ಡಿಗ್ರಿ ಏರಿಕೆಯಲ್ಲಿ ತೆಗೆದರು. ಇಂದು ಮಾರುಕಟ್ಟೆಯಲ್ಲಿರುವ ವಾಟರ್ ಬ್ಲಾಕ್‌ಗಳೆಲ್ಲ ಒಂದರ್ಥದಲ್ಲಿ ಆ ಕೆಲಸದ ಮೊಮ್ಮಕ್ಕಳು. ಕಾರಣ ಹೀಗಿದೆ: ಇಷ್ಟು ಸಣ್ಣ ಕಾಲುವೆಯಲ್ಲಿ ನೀರು ಸುಳಿಯಿಲ್ಲದೆ ಪದರಪದರವಾಗಿ ಸಾಗುತ್ತದೆ, ಗೋಡೆಯ ಶಾಖ ಆ ಪದರಗಳನ್ನು ದಾಟಿ ನಡುವಿಗೆ ಹೋಗಬೇಕಾದ ದೂರ ಕಡಿಮೆಯಾದಷ್ಟೂ ಶಾಖದ ವಿನಿಮಯ ಹೆಚ್ಚುತ್ತದೆ. 27 ಮಿಲಿಮೀಟರ್ ಚೌಕದ ಜಾಗದಲ್ಲಿ 0.4 ಮಿಲಿಮೀಟರ್ ಕಾಲುವೆ, 0.4 ಮಿಲಿಮೀಟರ್ ಫಿನ್, 3 ಮಿಲಿಮೀಟರ್ ಎತ್ತರ ಎಂದು ಹಿಡಿದರೆ ಸುಮಾರು 34 ಕಾಲುವೆಗಳಾಗುತ್ತವೆ, ನೀರಿಗೆ ತಾಗುವ ಮೈ ಬರಿಯ ತಳದ 8 ಪಟ್ಟಾಗುತ್ತದೆ.

ಹಾಗಾದರೆ ಫಿನ್ ಎತ್ತರ ಮಾಡುತ್ತ ಹೋದರೆ ಆಯಿತಲ್ಲ ಎಂಬುದು ಹುಡುಗರ ಮುಂದಿನ ಪ್ರಶ್ನೆ. ಆಗುವುದಿಲ್ಲ, ಏಕೆಂದರೆ ಫಿನ್‌ನ ಬುಡ ಬಿಸಿ, ತುದಿ ಅಷ್ಟು ಬಿಸಿಯಲ್ಲ. ಮೇಲಿನ ಅಳತೆಯಲ್ಲಿ 3 ಮಿಲಿಮೀಟರ್ ಎತ್ತರದ ತಾಮ್ರದ ಫಿನ್ ತನ್ನ ಮೈಯ ಸುಮಾರು ಶೇ. 83ರಷ್ಟು ಕೆಲಸ ಮಾಡುತ್ತದೆ. 5 ಮಿಲಿಮೀಟರ್‌ಗೆ ಏರಿಸಿದರೆ ಅದು ಶೇ. 66ಕ್ಕೆ ಇಳಿಯುತ್ತದೆ. ಎತ್ತರ ಮೂರರಲ್ಲೆರಡು ಪಾಲು ಹೆಚ್ಚಿದರೂ ಲಾಭ ಮೂರರಲ್ಲೊಂದು ಪಾಲಿನಷ್ಟೇ, ಕಟರ್‌ನ ಕಷ್ಟ ಮಾತ್ರ ಪೂರ್ತಿ. ಇದೇ 3 ಮಿಲಿಮೀಟರ್ ಫಿನ್ ಅನ್ನು 6061 ಅಲ್ಯೂಮಿನಿಯಂನಲ್ಲಿ ಮಾಡಿದರೆ ಶೇ. 69 ಬರುತ್ತದೆ. ಅಲ್ಯೂಮಿನಿಯಂ ಅಗ್ಗ, ಹಗುರ, ಕೊರೆಯಲು ಸುಲಭ. ಆದರೆ ಅದೇ ನೀರಿನ ದಾರಿಯಲ್ಲಿ ಎಲ್ಲಾದರೂ ತಾಮ್ರವೋ ಹಿತ್ತಾಳೆಯೋ ಇದ್ದರೆ ಅಲ್ಯೂಮಿನಿಯಂ ತುಕ್ಕು ತಿಂದು ಕರಗುತ್ತ ಹೋಗುತ್ತದೆ. ರೇಡಿಯೇಟರ್ ಹಿತ್ತಾಳೆ-ತಾಮ್ರದ್ದಾಗಿದ್ದರೆ ಅಲ್ಯೂಮಿನಿಯಂ ಬ್ಲಾಕ್ ಮಾತು ಅಲ್ಲಿಗೇ ಮುಗಿಯಿತು.

ತಾಮ್ರ ಎಲ್ಲಿ ಸಿಗುತ್ತದೆ ಎಂದು ಪರದಾಡಬೇಕಿಲ್ಲ. ವಿದ್ಯುತ್ ಪ್ಯಾನೆಲ್ ಕಟ್ಟುವವರು ಬಳಸುವ ಬಸ್‌ಬಾರ್ ಪಟ್ಟಿ ಒಳ್ಳೆಯ ತಾಮ್ರವೇ. ಆಮ್ಲಜನಕರಹಿತ ತಾಮ್ರವೇ ಬೇಕು ಎಂದು ಪಟ್ಟು ಹಿಡಿಯುವವರಿದ್ದಾರೆ, ಆದರೆ ಶಾಖ ಹರಿಸುವುದರಲ್ಲಿ ಅದಕ್ಕೂ ಬಸ್‌ಬಾರ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹೈಡ್ರೋಜನ್ ಇರುವ ಕುಲುಮೆಯಲ್ಲಿ ಬೆಸುಗೆ ಹಾಕುವಂಥ ಕೆಲಸಗಳಿಗೆ ಅದು ಬೇಕು, ನಮಗೆ ಬೇಡ. ದೂರವಿಡಬೇಕಾದದ್ದು ಫ್ರಿಜ್ ಕೊಳವೆಯ ಜಾತಿಯ ತಾಮ್ರವನ್ನು. ಅದರಲ್ಲಿರುವ ಅತಿ ಸ್ವಲ್ಪ ರಂಜಕವೂ ವಾಹಕತೆಯನ್ನು ಎದ್ದು ಕಾಣುವಷ್ಟು ಕಡಿಮೆ ಮಾಡುತ್ತದೆ.

ಈಗ ಕೊರೆಯುವ ಕೆಲಸ. ದೊಡ್ಡ ತಯಾರಕರು ಸ್ಕೈವಿಂಗ್ ಮಾಡುತ್ತಾರೆ: ಬಡಿಗ ಕೀಸುಳಿಯಿಂದ ಹೆರೆದ ಹಾಗೆ ತಾಮ್ರದ ತೆಳು ಪದರವನ್ನು ಎಬ್ಬಿಸಿ, ಕಿತ್ತುಹಾಕದೆ ಬುಡದಲ್ಲೇ ನೆಟ್ಟಗೆ ನಿಲ್ಲಿಸಿಬಿಡುತ್ತಾರೆ. ಆ ಯಂತ್ರ ನಮ್ಮ ಕೈಗೆ ಎಟುಕುವುದಲ್ಲ. 0.4 ಮಿಲಿಮೀಟರ್ ಎಂಡ್ ಮಿಲ್, ಅಂದರೆ ಕಡ್ಡಿಯಂಥ ಕಟರ್, ಹಾಕಿ ವಿಎಂಸಿ ಎಂಬ ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರದಲ್ಲಿ 3 ಮಿಲಿಮೀಟರ್ ಆಳ ಇಳಿಸುವುದೆಂದರೆ ಕಟರ್ ಮುರಿಯುವುದನ್ನು ಕಾಯುತ್ತ ಕೂರುವುದು. ಉಳಿದದ್ದು ಸ್ಲಿಟಿಂಗ್ ಸಾ, ಅಂದರೆ ತೆಳ್ಳನೆಯ ಚಕ್ರದ ಗರಗಸ. ಅದಕ್ಕೆ ಹೇಳಿ ಮಾಡಿಸಿದ್ದು ಹಳೆಯ ಕಾಲದ ಹಾರಿಜಾಂಟಲ್ ಮಿಲ್ಲಿಂಗ್ ಯಂತ್ರ. ನಮ್ಮ ವಸಾಹತಿನಲ್ಲಿ ಅಂಥದ್ದೊಂದನ್ನು ಇನ್ನೂ ನಡೆಸುತ್ತಿರುವ ಹಿರಿಯರೊಬ್ಬರಿದ್ದಾರೆ, ಎಲ್ಲರಿಗೂ ಅವರು ಕಾಕಾ. ತಾಮ್ರದ ಕೆಲಸ ಎಂದಾಗಲೆಲ್ಲ ಅವರು ಗರಗಸದ ಹಲ್ಲನ್ನು ಹೆಬ್ಬೆರಳ ಉಗುರಿಗೆ ತಾಗಿಸಿ ನೋಡಿ, "ತಮ್ಮಾ, ತಾಮ್ರ ಅಂದ್ರ ಬಾಳ ಜಿಗಟ. ಕಟರ್ ಹರಿತ ಇಲ್ಲಂದ್ರ ಕಡಿಯಂಗಿಲ್ಲ, ಬರೇ ತಿಕ್ಕತೈತಿ" ಎನ್ನುತ್ತಾರೆ. ಉಕ್ಕು ಕಡಿದು ಬಂದ ಗರಗಸವನ್ನು ಅವರು ತಾಮ್ರಕ್ಕೆ ಮುಟ್ಟಿಸುವುದಿಲ್ಲ. ಗಂಧಕ ಬೆರೆತ ಕಟಿಂಗ್ ಆಯಿಲ್ ತಾಮ್ರವನ್ನು ಕಪ್ಪಾಗಿಸುವುದರಿಂದ ಅದನ್ನೂ ಹಾಕುವುದಿಲ್ಲ, ಬ್ರಷ್‌ನಿಂದ ಸೀಮೆಎಣ್ಣೆ ಬಿಡುತ್ತಾರೆ. ಪ್ರತಿ ಕಾಲುವೆ ಮುಗಿದೊಡನೆ ಅದರೊಳಗೆ ಸಂದಿ ಅಳೆಯುವ ಫೀಲರ್ ಗೇಜ್‌ನ 0.35 ಮಿಲಿಮೀಟರ್ ದಪ್ಪದ ಎಲೆಯನ್ನು ಎಳೆದು ನೋಡುತ್ತಾರೆ. ಎಲೆ ಎಲ್ಲಿ ತಡವರಿಸುತ್ತದೋ ಅಲ್ಲಿ ಬರ್, ಅಂದರೆ ಕಡಿದಾಗ ಎದ್ದ ಲೋಹದ ಎಸಳು, ಉಳಿದಿದೆ ಎಂದರ್ಥ.

ಗರಗಸ ದುಂಡಗಿರುವುದರಿಂದ ವಿನ್ಯಾಸವೇ ಬದಲಾಗಬೇಕಾಗುತ್ತದೆ, ಇದು ಕಂಪ್ಯೂಟರ್ ಪರದೆಯ ಮೇಲೆ ಹೊಳೆಯುವ ಸಂಗತಿಯಲ್ಲ. 63 ಮಿಲಿಮೀಟರ್ ವ್ಯಾಸದ ಗರಗಸ 3 ಮಿಲಿಮೀಟರ್ ಆಳಕ್ಕೆ ಇಳಿದಾಗ, ಪೂರ್ತಿ ಆಳ ಮುಗಿದ ಮೇಲೂ ಎರಡೂ ತುದಿಯಲ್ಲಿ 13 ಮಿಲಿಮೀಟರ್‌ಗೂ ಹೆಚ್ಚು ದೂರ ಬಿಲ್ಲಿನಂತೆ ಮೇಲೇಳುತ್ತ ಕೊರೆಯುತ್ತದೆ. ತಳದಲ್ಲೇ ಒಂದು ತೊಟ್ಟಿ ತೋಡಿ, ತೊಟ್ಟಿಯೊಳಗೆ ಫಿನ್, ಸುತ್ತ ದಂಡೆಯಲ್ಲಿ ಓ-ರಿಂಗ್ ಎಂದು ಬಿಡಿಸಿದ ಡ್ರಾಯಿಂಗ್‌ನಲ್ಲಿ ಗರಗಸ ಮೊದಲು ಹರಿಯುವುದು ಆ ದಂಡೆಯನ್ನೇ. ಆದ್ದರಿಂದ ತಳವನ್ನು ಬಯಲಾಗಿ ಬಿಟ್ಟು, ನಡುವೆ ಫಿನ್‌ಗಳ ದಿಬ್ಬ ಮಾತ್ರ ಎದ್ದಿರುವಂತೆ ಮಾಡಿ, ತೊಟ್ಟಿಯನ್ನು ಮೇಲಿನ ಮುಚ್ಚಳದಲ್ಲಿ ತೋಡಬೇಕು. ಓ-ರಿಂಗ್ ಕೂರುವ ತೋಡೂ ಮುಚ್ಚಳಕ್ಕೇ ಹೋಗುತ್ತದೆ.

ನೀರನ್ನು ಒಂದು ತುದಿಯಿಂದ ಬಿಟ್ಟು ಇನ್ನೊಂದು ತುದಿಯಲ್ಲಿ ತೆಗೆಯುವ ಬದಲು, ಫಿನ್‌ಗಳ ನಡುವಿನ ಮೇಲೆ ಉದ್ದನೆಯ ಸೀಳಿನ ಮೂಲಕ ಸುರಿದು ಎರಡೂ ಬದಿಗೆ ಹರಿಯಬಿಡುವುದು ಈಗ ರೂಢಿ. ಇದು ಫ್ಯಾಷನ್ ಅಲ್ಲ. ಪ್ರತಿ ಕಾಲುವೆಯ ನೀರು ಅರ್ಧ ಈಚೆ, ಅರ್ಧ ಆಚೆ ಹೋಗುವುದರಿಂದ ವೇಗವೂ ಅರ್ಧ, ಸಾಗುವ ದೂರವೂ ಅರ್ಧ. ಕಾಲುವೆಗಳಲ್ಲಿ ನಷ್ಟವಾಗುವ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. ಜೊತೆಗೆ ಅತಿ ತಂಪಾದ ನೀರು ಅತಿ ಬಿಸಿಯಾದ ಜಾಗಕ್ಕೆ ಮೊದಲು ಮುಟ್ಟುತ್ತದೆ. ಕಾಲುವೆಯ ಅಗಲವನ್ನು ಅರ್ಧ ಮಾಡಿ ಅದರಲ್ಲಿ ಅಷ್ಟೇ ನೀರು ಹರಿಸಬೇಕೆಂದರೆ ಒತ್ತಡ ಸುಮಾರು 8 ಪಟ್ಟು ಬೇಕು. ಕಾಲುವೆಗಳ ಸಂಖ್ಯೆಯೂ ದುಪ್ಪಟ್ಟಾಗುವುದರಿಂದ ಅದು 4 ಪಟ್ಟಿಗೆ ನಿಲ್ಲುತ್ತದೆ. ಡಿ5 ಎಂದು ಹೆಸರಾದ ಪಂಪು ಸುಮಾರು 4 ಮೀಟರ್ ಎತ್ತರಕ್ಕೆ ನೀರೆತ್ತಬಲ್ಲದು, ಅದರ ಮುಂದೆ 0.4 ಮಿಲಿಮೀಟರ್ ಕಾಲುವೆ ದೊಡ್ಡ ಹೊರೆಯಲ್ಲ. ಕಾಲುವೆಗಿಂತ ಸೀಳು, ಫಿಟಿಂಗ್‌ನ ತಿರುವುಗಳೇ ಹೆಚ್ಚು ಒತ್ತಡ ತಿನ್ನುವುದುಂಟು.

ಮುಚ್ಚಳಕ್ಕೆ ಅಕ್ರಿಲಿಕ್ ಚಂದ, ಅಸಿಟಾಲ್ ಎಂಬ ಪ್ಲಾಸ್ಟಿಕ್ ಗಟ್ಟಿ. ಅಕ್ರಿಲಿಕ್ ಹಾಕುವವರು ಅದನ್ನು ಸ್ಪಿರಿಟ್‌ನಿಂದ ಒರೆಸಬಾರದು. ಬಿಗಿದ ಸ್ಕ್ರೂಗಳ ಸುತ್ತ ನವಿರಾದ ಬಿರುಕುಗಳು ಅರಳುತ್ತವೆ. ಫಿಟಿಂಗ್‌ಗಳ ಮರೆ (ತಿರುಪಿನ ಸುತ್ತು) ಜಿ 1/4, ಅಂದರೆ ಸಮಾನಾಂತರ ಮರೆ, ಟ್ಯಾಪ್ ಹಾಕುವ ಮೊದಲು 11.8ರ ಡ್ರಿಲ್. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲಿಂಚಿನ ಬಿಎಸ್‌ಪಿ ಟ್ಯಾಪ್ ಕೇಳಿದರೆ ಕೊಳಾಯಿ ಕೆಲಸದ ಟೇಪರ್ ಟ್ಯಾಪ್ ಕೈಗಿಡುವ ಸಾಧ್ಯತೆ ಇರುವುದರಿಂದ ನೋಡಿಯೇ ತರಬೇಕು. ಇಲ್ಲಿ ನೀರು ತಡೆಯುವುದು ಫಿಟಿಂಗ್‌ನ ಓ-ರಿಂಗ್, ಮರೆಯಲ್ಲ; ಬಿಳಿ ಟೇಪ್ ಸುತ್ತುವ ಅಗತ್ಯವಿಲ್ಲ. 2 ಮಿಲಿಮೀಟರ್ ಓ-ರಿಂಗ್‌ಗೆ ತೋಡಿನ ಆಳ 1.5 ಮಿಲಿಮೀಟರ್ ಸಾಕು, ರಬ್ಬರ್ ಹಿಗ್ಗಲು ಅಗಲದಲ್ಲಿ ಜಾಗ ಬಿಡಬೇಕು.

ನೀರಿನ ವಿಷಯದಲ್ಲಿ ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಸುಣ್ಣ 0.4 ಮಿಲಿಮೀಟರ್ ಕಾಲುವೆಯಲ್ಲಿ ಕಟ್ಟಿದರೆ ಬ್ಲಾಕ್ ಬಿಚ್ಚಲೇಬೇಕು. ಡಿಸ್ಟಿಲ್ಡ್ ವಾಟರ್‌ಗೆ ತುಕ್ಕು ಮತ್ತು ಪಾಚಿ ತಡೆಯುವ ದ್ರಾವಣ ಬೆರೆಸಿ ಬಳಸಬೇಕು, ಹೊಸ ರೇಡಿಯೇಟರನ್ನು ಜೋಡಿಸುವ ಮೊದಲು ಚೆನ್ನಾಗಿ ತೊಳೆಯಬೇಕು, ಇಲ್ಲದಿದ್ದರೆ ಅದರೊಳಗಿನ ಬೆಸುಗೆಯ ಫ್ಲಕ್ಸ್ ಎಲ್ಲ ಬಂದು ಸೇರುವುದು ಫಿನ್‌ಗಳ ಬಾಯಲ್ಲೇ.

ಸೋರಿಕೆಯ ಪರೀಕ್ಷೆಯನ್ನು ಮೊದಲು ಗಾಳಿಯಿಂದಲೇ ಮಾಡಬೇಕು. ಒಂದು ತೂತು ಮುಚ್ಚಿ, ಇನ್ನೊಂದಕ್ಕೆ ಗೇಜ್ ಇರುವ ಸೈಕಲ್ ಪಂಪು ಜೋಡಿಸಿ, ಅರ್ಧ ಬಾರ್‌ವರೆಗೆ ಒತ್ತಿದರೆ ಸಾಕು. ಒತ್ತಿದ ಗಾಳಿ ತಣಿಯುವಾಗ ಮುಳ್ಳು ಸ್ವಲ್ಪ ಇಳಿಯುತ್ತದೆ, ಅದಕ್ಕೆ ಗಾಬರಿಯಾಗದೆ ಕೆಲವು ನಿಮಿಷ ಬಿಟ್ಟು ಮತ್ತೆ ಗುರುತು ಮಾಡಿಕೊಂಡು, ಅರ್ಧ ಗಂಟೆ ಕಾಯಬೇಕು. ಮುಳ್ಳು ಅಲ್ಲಾಡದೆ ನಿಂತರೆ ನೀರು ತುಂಬಿಸಿ, ಕಂಪ್ಯೂಟರ್‌ನಿಂದ ದೂರ, ಟಿಶ್ಯೂ ಕಾಗದದ ಮೇಲಿಟ್ಟು ಪಂಪು ಓಡಿಸಿ ನೋಡಬಹುದು.

ಗ್ರಾಫಿಕ್ಸ್ ಕಾರ್ಡಿಗೂ ಬ್ಲಾಕ್ ಮಾಡಿಕೊಡುತ್ತೀರಾ ಎಂದು ಕೇಳುವವರಿಗೆ ನನ್ನ ಷರತ್ತು ಒಂದೇ, ಕಾರ್ಡ್ ನನ್ನ ಮೇಜಿನ ಮೇಲೆ ಇರಬೇಕು. ಅಲ್ಲಿ ಚಿಪ್‌ನ ಮೇಲೆ ಲೋಹದ ಮುಚ್ಚಳವಿಲ್ಲ, ಸಿಲಿಕಾನ್ ನೇರವಾಗಿ ತಾಮ್ರಕ್ಕೆ ತಾಗುತ್ತದೆ. ಅದರ ಸುತ್ತಲಿನ ಮೆಮೊರಿ ಚಿಪ್‌ಗಳು ಒಂದು ಎತ್ತರ, ವಿದ್ಯುತ್ ಭಾಗದ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರ್‌ಗಳು ಇನ್ನೊಂದು ಎತ್ತರ, ಕಾಯಿಲ್‌ಗಳು ಮತ್ತೊಂದು. ಒಂದೇ ಹೆಸರಿನ ಗ್ರಾಫಿಕ್ಸ್ ಚಿಪ್ ಇದ್ದರೂ ಬೇರೆ ಬೇರೆ ತಯಾರಕರ ಬೋರ್ಡ್‌ಗಳಲ್ಲಿ ಅವುಗಳ ಜಾಗವೇ ಬೇರೆ. ಮೆಮೊರಿಯ ಮೇಲಿನ ಪ್ಯಾಡ್ ಅರ್ಧ ಮಿಲಿಮೀಟರ್ ದಪ್ಪವಾದರೆ ತಳ ಚಿಪ್‌ನಿಂದ ಎದ್ದುಬಿಡುತ್ತದೆ, ತೆಳುವಾದರೆ ಮೆಮೊರಿ ಸುಡುತ್ತದೆ. ಡೆಪ್ತ್ ಗೇಜ್ ಹಿಡಿದು ಒಂದೊಂದೇ ಎತ್ತರವನ್ನು ಅಳೆದು ತಳದ ಮೆಟ್ಟಿಲುಗಳನ್ನು ಗುರುತು ಹಾಕಿಕೊಂಡ ಮೇಲೆ, ನೀರಿನ ದಾರಿ ಎಲ್ಲಿ ಹೋಗಬೇಕೆಂದು ನಿರ್ಧರಿಸುವುದು ಅರ್ಧ ದಿನದ ಕೆಲಸ.